ರೈತ ಯಾವ ಪತ್ರಿಕೆ ಓದಬೇಕು?

(ತಾಲ್ಲೂಕು ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಿಗ್ಗೆಯಿಂದ ಬೆಲೆ ನೀತಿ, ಸಾಲ ವಸೂಲಿ ಇವುಗಳ ಲೆಕ್ಕಾಚಾರ ಸಾಕಷ್ಟು ನಡೆದಿದೆ. ನನಗೆ ವಹಿಸಿರೋದು ವರ್ತಮಾನ ಪತ್ರಿಕೆಗಳ ವಿಷಯ. ಹೊಟ್ಟೆಪಾಡಿನ ಮಾತಿನ ನಡುವೆ ಪೇಪರಿನ ಮಾತು ಯಾಕಪ್ಪಾ ಅಂತ ನಿಮ್ಮಲ್ಲಿ ಕೆಲವರಾದರೂ ಅಂದುಕೊಂಡಿರ್ತೀರಿ. ಆದರೆ ಒಂದು ಯೋಚನೆ ಮಾಡಿ. ನಮ್ಮ ಬೆಳೆಗೆ ಬೆಲೆ ಬಂದಾಗ ಅದು ಒಳ್ಳೆ ಸುದ್ದಿಯೋ ಕೆಟ್ಟ ಸುದ್ದಿಯೋ ಅಂತ ಪಟ್ಟಣದ ಜನಕ್ಕೆ ಹೇಳೋರು ಯಾರು? ನಮ್ಮ ಸಾಲ ನ್ಯಾಯವಾದದ್ದೋ ಸೋಮಾರಿತನದ್ದೋ ಅಂತ ತೀರ್ಪು ಕೊಡೋರು ಯಾರು? ನಾವು ಬೀದಿಗೆ ಇಳಿದಾಗ ನಮ್ಮನ್ನ ರೈತರು ಅನ್ನಬೇಕೋ ಗಲಭೆಕೋರರು ಅನ್ನಬೇಕೋ ಅಂತ ರಾತ್ರಿ ಹತ್ತು ಗಂಟೆಗೆ ತೀರ್ಮಾನ ಮಾಡೋರು ಯಾರು?

ಈಗ ಊರೂರಲ್ಲಿ ಒಂದು ಮಾತು ಹಬ್ಬಿದೆ. "ಆ ಪೇಪರು ಆ ಪಕ್ಷದ್ದು, ಈ ಪೇಪರು ಈ ಪಕ್ಷದ್ದು, ಯಾವುದನ್ನೂ ನಂಬೋ ಹಾಗಿಲ್ಲ, ಓದೋದೇ ಬೇಡ" ಅಂತ. ಈ ಮಾತನ್ನ ಆಡೋರು ಬುದ್ಧಿವಂತರ ಹಾಗೆ ಕಾಣ್ತಾರೆ. ಆದರೆ ಪೇಪರು ಬಿಟ್ಟವನ ಮನೆಗೆ ಸುದ್ದಿ ಬರೋದೇನು ನಿಂತಿದೆಯಾ? ಮಂಡಿಯ ದಲ್ಲಾಳಿ ಬಾಯಿಂದ ಬರ್ತದೆ, ಗೊಬ್ಬರದ ಅಂಗಡಿಯವನ ಬಾಯಿಂದ ಬರ್ತದೆ, ಈಗಂತೂ ಮೊಬೈಲಿನಲ್ಲಿ ಯಾರು ಬರೆದದ್ದು ಅಂತ ಗೊತ್ತಿಲ್ಲದ ಸುದ್ದಿ ಬಂದು ಬೀಳ್ತದೆ. ಪತ್ರಿಕೆಯಲ್ಲಾದರೆ ಸಂಪಾದಕ ಯಾರು, ಪ್ರಕಾಶಕ ಯಾರು, ಎಲ್ಲಿ ಅಚ್ಚಾಯಿತು ಅಂತ ಸಣ್ಣ ಅಕ್ಷರದಲ್ಲಾದರೂ ಹಾಕಿರ್ತಾರೆ. ತಪ್ಪು ಬರೆದರೆ ಕೋರ್ಟಿಗೆ ಎಳೆಯೋದಕ್ಕೆ ಒಬ್ಬ ಮನುಷ್ಯ ಸಿಗ್ತಾನೆ. ದಲ್ಲಾಳಿಯ ಬಾಯಿಗೆ ಪ್ರಕಾಶಕ ಯಾರು?

ಪತ್ರಿಕೆಗಳು ಒಂದು ಕಡೆ ವಾಲಿರ್ತವೆ ಅನ್ನೋದು ಹೊಸ ವಿಷಯವೂ ಅಲ್ಲ, ಗುಟ್ಟೂ ಅಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನ 1843ರಲ್ಲಿ ಹೊರಡಿಸಿದವರು ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್. ನಮ್ಮ ಅಕ್ಕಪಕ್ಕದ ರಾಜ್ಯಗಳಲ್ಲಿ ನೋಡಿ. ತಮಿಳುನಾಡಿನ 'ಮುರಸೊಲಿ' ಡಿಎಂಕೆಯದು, ಕರುಣಾನಿಧಿಯವರೇ 1942ರಲ್ಲಿ ಶುರು ಮಾಡಿದ್ದು. ಕೇರಳದ 'ದೇಶಾಭಿಮಾನಿ' ಕಮ್ಯೂನಿಸ್ಟರದು, ಮುಂಬಯಿಯ 'ಸಾಮ್ನಾ' ಶಿವಸೇನೆಯದು, ಆಂಧ್ರದ 'ಸಾಕ್ಷಿ' 2008ರಲ್ಲಿ ಜಗನ್ಮೋಹನ ರೆಡ್ಡಿಯವರ ಕುಟುಂಬದಿಂದ ಬಂದದ್ದು. ನಮ್ಮಲ್ಲಿ ಪಕ್ಷದ ಹೆಸರು ಹಾಕ್ಕೊಂಡು ಬರೋ ದೊಡ್ಡ ದಿನಪತ್ರಿಕೆ ಇಲ್ಲ, ಆದರೆ ಒಡೆತನ ರಾಜಕೀಯದಿಂದ ದೂರ ಇದೆ ಅಂತ ಹೇಳೋ ಹಾಗೂ ಇಲ್ಲ. 'ವಿಜಯ ಕರ್ನಾಟಕ'ವನ್ನ 1999ರಲ್ಲಿ ಶುರು ಮಾಡಿದ ವಿಜಯ ಸಂಕೇಶ್ವರ ಅವರು ಆಗ ಧಾರವಾಡ ಉತ್ತರದ ಬಿಜೆಪಿ ಸಂಸದರು. 2006ರಲ್ಲಿ ಅದನ್ನ ಟೈಮ್ಸ್ ಗುಂಪಿಗೆ ಮಾರಿದರು. 2012ರಲ್ಲಿ 'ವಿಜಯವಾಣಿ' ತಂದರು. ಇದನ್ನ ದೂರು ಅಂತ ಹೇಳ್ತಿಲ್ಲ. ಎತ್ತು ಕೊಳ್ಳೋವಾಗ ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ಯಾರ ಕೊಟ್ಟಿಗೆಯದು ಅಂತ ಕೇಳ್ತೀವಿ. ಪೇಪರಿಗೂ ಅಷ್ಟೇ.

ಆದರೆ ನಾನು ಹೇಳಬೇಕಾದ ಮುಖ್ಯ ಮಾತು ಬೇರೆ ಇದೆ. ಯಾವ ಪಕ್ಷ ಅನ್ನೋ ವಾಲುವಿಕೆ ಚುನಾವಣೆಯಿಂದ ಚುನಾವಣೆಗೆ, ಮಾಲೀಕನಿಂದ ಮಾಲೀಕನಿಗೆ ಬದಲಾಗ್ತದೆ. ಬದಲಾಗದೇ ಇರೋ ವಾಲುವಿಕೆ ಇನ್ನೊಂದಿದೆ. ಅದು ಕೊಳ್ಳೋನ ಕಡೆಗೆ, ಪಟ್ಟಣದ ಕಡೆಗೆ. ಎಡಗಡೆ ಪೇಪರು, ಬಲಗಡೆ ಪೇಪರು, ಇಂಗ್ಲಿಷ್ ಪೇಪರು, ಕನ್ನಡ ಪೇಪರು ಎಲ್ಲವೂ ಈ ಒಂದು ವಿಷಯದಲ್ಲಿ ಸಾಮಾನ್ಯವಾಗಿ ಒಟ್ಟಿಗೆ ನಿಲ್ತವೆ. ಪೇಪರು 'ನಾವು' ಅಂತ ಬರೆದಾಗ, 'ಜನಸಾಮಾನ್ಯ' ಅಂತ ಬರೆದಾಗ, ಆ ಜನಸಾಮಾನ್ಯ ಈರುಳ್ಳಿ ಕೊಳ್ಳೋನೋ ಬೆಳೆಯೋನೋ ಅಂತ ನೋಡಿ.

ಈರುಳ್ಳಿಯ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಬೆಳೆಯೋ ಗುಲಾಬಿ ಈರುಳ್ಳಿ, ಬೆಂಗಳೂರ್ ರೋಸ್ ಅಂತಾರಲ್ಲ, ಅದನ್ನ ಇಲ್ಲಿ ಅಡುಗೆಗೆ ಬಳಸೋರೇ ಕಮ್ಮಿ. ಸಣ್ಣ ಗಡ್ಡೆ, ಘಾಟು ಜಾಸ್ತಿ. ಅದು ಬೆಳೆಯೋದೇ ಮಲೇಷ್ಯಾ, ಸಿಂಗಪುರದಂಥ ಕಡೆ ಕಳಿಸೋದಕ್ಕೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು, ಈರುಳ್ಳಿಯೂ ಸೇರಿದ ಹಾಗೆ ಹಲವು ಪದಾರ್ಥಗಳನ್ನ ಅಗತ್ಯ ವಸ್ತುಗಳ ಕಾಯಿದೆಯ ಹಿಡಿತದಿಂದ ಸಡಿಲ ಮಾಡ್ತೀವಿ, ರೈತನಿಗೆ ಮಾರುಕಟ್ಟೆಯ ಸ್ವಾತಂತ್ರ್ಯ ಕೊಡ್ತೀವಿ ಅಂತ ಹೇಳಿತು. ಸೆಪ್ಟೆಂಬರ್ 14ರಂದು ಅದೇ ಸರ್ಕಾರ ಈರುಳ್ಳಿ ರಫ್ತನ್ನ ನಿಷೇಧ ಮಾಡಿತು, ಇಲ್ಲಿ ಯಾರೂ ಕೇಳದ ಗುಲಾಬಿ ಈರುಳ್ಳಿಯನ್ನೂ ಸೇರಿಸಿ. ಮಾರನೇ ದಿನ, ಸೆಪ್ಟೆಂಬರ್ 15ರಂದು, ಆ ಸ್ವಾತಂತ್ರ್ಯದ ಮಸೂದೆ ಲೋಕಸಭೆಯಲ್ಲಿ ಪಾಸಾಯಿತು. ಒಂದು ದಿನದ ಅಂತರ! ಆಮೇಲೆ ಅಕ್ಟೋಬರ್‌ನಲ್ಲಿ ಗುಲಾಬಿ ಈರುಳ್ಳಿ 10,000 ಟನ್ ಮಾತ್ರ, ಅದೂ ಚೆನ್ನೈ ಬಂದರಿನಿಂದ ಮಾತ್ರ ಕಳಿಸಬಹುದು ಅಂತ ಅಪ್ಪಣೆ ಆಯಿತು. ಕಿತ್ತ ಈರುಳ್ಳಿ ಅಪ್ಪಣೆಗಾಗಿ ಎಷ್ಟು ದಿನ ಕಾಯ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. 2023ರ ಆಗಸ್ಟ್‌ನಲ್ಲಿ ಮತ್ತೆ ರಫ್ತಿನ ಮೇಲೆ ಶೇಕಡಾ 40 ಸುಂಕ ಬಿತ್ತು. ಗುಲಾಬಿ ಈರುಳ್ಳಿಗೆ ವಿನಾಯಿತಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತೇ ನಿಷೇಧ ಆಯಿತು. ಅದು ತೆರವಾದದ್ದು 2024ರ ಮೇ 4ರಂದು, ಲೋಕಸಭಾ ಚುನಾವಣೆಯ ನಡುವೆ.

ಈಗ ನಿಮಗೆ ಒಂದು ಕೆಲಸ. ನಿಮ್ಮೂರಿನ ಅಥವಾ ತಾಲ್ಲೂಕಿನ ಲೈಬ್ರರಿಯಲ್ಲಿ ಹಳೇ ಪೇಪರು ಕಟ್ಟಿಟ್ಟಿದ್ದರೆ 2020ರ ಸೆಪ್ಟೆಂಬರ್ 15 ಮತ್ತು 16ರ ಪೇಪರು ತೆಗೆಸಿ ನೋಡಿ. ಸರ್ಕಾರದ ಪರವಾದ ಪೇಪರು ಸ್ವಾತಂತ್ರ್ಯದ ಸುದ್ದಿಯನ್ನ ಎಲ್ಲಿ ಹಾಕಿದೆ, ನಿಷೇಧದ ಸುದ್ದಿಯನ್ನ ಎಲ್ಲಿ ಹಾಕಿದೆ? ಸರ್ಕಾರದ ವಿರೋಧಿ ಪೇಪರು ಇವೆರಡನ್ನ ಅಕ್ಕಪಕ್ಕ ಇಟ್ಟು ತೋರಿಸಿದೆಯಾ, ಇಲ್ಲಾ ಅದಕ್ಕೂ ಈರುಳ್ಳಿಯ ವಿಷಯ ವಾಣಿಜ್ಯ ಪುಟದ ಮೂಲೆಗೆ ಸರಿಯಾದದ್ದಾ? ಪೇಪರಿನ ಬಣ್ಣ ಇಲ್ಲಿ ಗೊತ್ತಾಗ್ತದೆ. ಚುನಾವಣೆಯ ಫಲಿತಾಂಶದ ದಿನ ಯಾರ ಫೋಟೋ ಎಷ್ಟು ದೊಡ್ಡದು ಅನ್ನೋದರಿಂದ ಅಲ್ಲ.

ಟೊಮೆಟೊ ಕಥೆ ನಿಮಗೇ ಗೊತ್ತು. 2023ರ ಜುಲೈ, ಆಗಸ್ಟ್‌ನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತು. ಟೊಮೆಟೊ ಬೆಳೆದು ಲಕ್ಷಾಧಿಪತಿಯಾದ ರೈತನ ಫೋಟೋ ಹಾಕಿದ್ದೇ ಹಾಕಿದ್ದು. ದಿಲ್ಲಿಯಲ್ಲಿ ಸರ್ಕಾರವೇ ನಮ್ಮ ರಾಜ್ಯ, ಆಂಧ್ರ, ಮಹಾರಾಷ್ಟ್ರದ ಮಂಡಿಗಳಿಂದ ಕೊಂಡು ಕಮ್ಮಿ ಬೆಲೆಗೆ ಮಾರಿತು. ನೇಪಾಳದಿಂದಲೂ ತರಿಸಿದರು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತು. ಬೆಲೆ ಏರಿದಾಗ ಅದು ಮುಖಪುಟ, ಇಳಿದಾಗ ಜಿಲ್ಲಾ ಪುಟ. ಅದೂ ರಸ್ತೆಗೆ ಸುರಿದರೆ ಮಾತ್ರ! ಸುರಿಯದೇ ಸುಮ್ಮನೆ ಹೊಲದಲ್ಲೇ ಕೊಳೆಯೋಕೆ ಬಿಟ್ಟವನ ಸುದ್ದಿ ಯಾವ ಪುಟದಲ್ಲೂ ಬರಲ್ಲ. ಇನ್ನೊಂದು ಗಮನಿಸಿ, ಪೇಪರಿನಲ್ಲಿ ತಲೆಬರಹ ಆಗೋದು ಆ ದಿನದ ಗರಿಷ್ಠ ಬೆಲೆ. ನೂರು ಜನರಲ್ಲಿ ಇಬ್ಬರಿಗೆ ಸಿಕ್ಕಿರೋ ಬೆಲೆ ಅದು. ನೆಂಟರು ಫೋನು ಮಾಡಿ "ಏನಪ್ಪಾ, ಈ ಸಲ ಜೋರು" ಅಂತಾರೆ.

ಸಾಲದ ವಿಷಯಕ್ಕೆ ಬರ್ತೀನಿ. 2018ರ ಜುಲೈನಲ್ಲಿ ಕುಮಾರಸ್ವಾಮಿಯವರ ಸರ್ಕಾರ 34,000 ಕೋಟಿ ರೂಪಾಯಿಯ ಬೆಳೆ ಸಾಲ ಮನ್ನಾ ಘೋಷಿಸಿತು. 2019ರ ಸೆಪ್ಟೆಂಬರ್ 20ರಂದು ಕೇಂದ್ರದ ಹಣಕಾಸು ಮಂತ್ರಿಗಳು ಕಂಪನಿಗಳ ಆದಾಯ ತೆರಿಗೆಯನ್ನ ಶೇಕಡಾ 30ರಿಂದ 22ಕ್ಕೆ ಇಳಿಸಿದರು, ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಅಂತ ಅವರೇ ಹೇಳಿದರು. ಪತ್ರಿಕೆಗಳ ನಿಘಂಟಿನಲ್ಲಿ ಮೊದಲನೆಯದಕ್ಕೆ ಇರೋ ಪದ 'ಹೊರೆ', ಎರಡನೆಯದಕ್ಕೆ ಇರೋ ಪದ 'ಉತ್ತೇಜನ'. ಮೊದಲನೆಯದಕ್ಕೆ ಸಂಪಾದಕೀಯದಲ್ಲಿ ಬರೋ ಪ್ರಶ್ನೆ "ಹಣ ಎಲ್ಲಿಂದ ತರ್ತಾರೆ?" ಅಂತ. ಎರಡನೆಯದಕ್ಕೆ ಆ ಪ್ರಶ್ನೆಯನ್ನ ಅಷ್ಟೇ ಗಟ್ಟಿ ದನಿಯಲ್ಲಿ ಕೇಳಿದ ಪತ್ರಿಕೆ ನಿಮ್ಮ ಮನೆಗೆ ಬರ್ತಿದೆ ಅಂದರೆ ಅದನ್ನ ಬಿಡಬೇಡಿ, ಅದರ ಪಕ್ಷ ಯಾವುದಾದರೂ ಇರಲಿ. ಬ್ಯಾಂಕುಗಳು ಕಂಪನಿಗಳ ಸಾಲವನ್ನ ಲೆಕ್ಕದ ಪುಸ್ತಕದಿಂದ ತೆಗೆದಾಗ "ಇದು ಮನ್ನಾ ಅಲ್ಲ, ವಸೂಲಿ ನಡೀತಾ ಇರ್ತದೆ" ಅಂತ ಬಿಡಿಸಿ ಬಿಡಿಸಿ ವಿವರಿಸ್ತಾರೆ. ಮಾತು ನಿಜ, ಎರಡೂ ಒಂದೇ ಅಲ್ಲ. ನಮ್ಮ ಸಾಲದ ವಿಷಯವನ್ನೂ ಅಷ್ಟೇ ತಾಳ್ಮೆಯಿಂದ ವಿವರಿಸಿದರೆ ಆಗಿತ್ತು.

ಬೆಂಬಲ ಬೆಲೆಯ ಸುದ್ದಿ ಓದೋದಕ್ಕಂತೂ ಪೆನ್ಸಿಲು ಬೇಕು. 2025-26ರ ಹಂಗಾಮಿಗೆ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ ಅಂತ ಪ್ರಕಟವಾಯಿತು. ಹಿಂದಿನ ವರ್ಷ 4,290 ಇತ್ತು, 596 ರೂಪಾಯಿ ಏರಿಕೆ. ಖರ್ಚು 3,257 ರೂಪಾಯಿ, ಅದರ ಮೇಲೆ ಶೇಕಡಾ 50 ಲಾಭ ಅನ್ನೋದು ಸರ್ಕಾರದ ಲೆಕ್ಕ. ಸುದ್ದಿಯಲ್ಲಿ 'ಖರ್ಚಿನ ಒಂದೂವರೆ ಪಟ್ಟು' ಅಂತ ಬರ್ತದೆ. ಯಾವ ಖರ್ಚು? ಬೀಜ, ಗೊಬ್ಬರ, ಕೂಲಿ, ಡೀಸೆಲ್ಲು ಮತ್ತು ಮನೆಮಂದಿಯ ದುಡಿಮೆ ಸೇರಿದ ಖರ್ಚು. ನಿಮ್ಮ ಸ್ವಂತ ಜಮೀನಿಗೆ ಗೇಣಿ, ನೀವು ಹಾಕಿದ ಬಂಡವಾಳಕ್ಕೆ ಬಡ್ಡಿ ಅದರಲ್ಲಿಲ್ಲ. ಪಟ್ಟಣದಲ್ಲಿ ಸ್ವಂತ ಕಟ್ಟಡದಲ್ಲಿ ಅಂಗಡಿ ಇಟ್ಟವನು ಬಾಡಿಗೆಯನ್ನ ಲೆಕ್ಕಕ್ಕೆ ಹಿಡೀತಾನೆ, ನಾವು ಹಿಡಿಯೋ ಹಾಗಿಲ್ಲ. ಇದನ್ನ ಒಂದು ಸಾಲಿನಲ್ಲಿ ಬರೆಯೋದಕ್ಕೆ ಜಾಗ ಬೇಕಾ? ಬರೆದ ಪತ್ರಿಕೆ ನಮ್ಮ ಹೊಲದ ಬದು ತುಳಿದು ನೋಡಿದೆ ಅಂತ ಅರ್ಥ. ಬರೆಯದ್ದು ಸರ್ಕಾರದ ಪ್ರಕಟಣೆಯನ್ನ ಹಾಗೇ ಅಚ್ಚು ಹಾಕಿದೆ.

ಇನ್ನು ಗೋಲಿಬಾರ್. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರದ ವಿರುದ್ಧ ಎದ್ದಾಗ ಗುಂಡು ಹಾರಿತು, ರೈತರು ಸತ್ತರು, ಚಳವಳಿ ರಾಜ್ಯವನ್ನೆಲ್ಲಾ ವ್ಯಾಪಿಸಿತು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳೋಕೆ ಬಂದ ರೈತರ ಮೇಲೆ ಗುಂಡು ಹಾರಿತು. ಇಂಥಾ ಸುದ್ದಿ ಓದೋವಾಗ ಮೊದಲ ಸಾಲು ಯಾವುದರಿಂದ ಶುರುವಾಗ್ತದೆ ಅಂತ ನೋಡಿ. ಕಲ್ಲು ತೂರಾಟದಿಂದ ಶುರುವಾಯಿತಾ, ಗೊಬ್ಬರ ಇಲ್ಲ ಅನ್ನೋದರಿಂದ ಶುರುವಾಯಿತಾ? 'ಗೋಲಿಬಾರಿನಲ್ಲಿ ಸಾವು' ಅಂತ ಇದ್ದರೆ ಗುಂಡು ತಾನೇ ಹಾರಿ ಹೋದ ಹಾಗೆ ಕೇಳಿಸ್ತದೆ. ಹಾರಿಸಿದವರು ಯಾರು, ಅಪ್ಪಣೆ ಕೊಟ್ಟವರು ಯಾರು ಅನ್ನೋದು ಎಷ್ಟನೇ ಸಾಲಿನಲ್ಲಿದೆ ಅಂತ ಬೆರಳಿಟ್ಟು ಎಣಿಸಿ.

ಹೀಗಾಗೋದಕ್ಕೆ ಬರೆಯೋರ ಮೇಲೆ ಸಿಟ್ಟಾಗಿ ಪ್ರಯೋಜನ ಇಲ್ಲ. ತಾಲ್ಲೂಕಿನ ವರದಿಗಾರರಲ್ಲಿ ಎಷ್ಟೋ ಜನ ನಮ್ಮ ಮಕ್ಕಳೇ, ಅವರ ಸಂಬಳ ನೋಡಿದರೆ ಕೂಲಿಯೇ ವಾಸಿ. ವಿಷಯ ಇರೋದು ಹಣದಲ್ಲಿ. ನೀವು ಕೊಡೋ ಬಿಡಿ ಪ್ರತಿಯ ಬೆಲೆಯಿಂದ ಕಾಗದದ ಖರ್ಚೂ ಹುಟ್ಟೋದು ಕಷ್ಟ. ಉಳಿದದ್ದು ಜಾಹೀರಾತಿನಿಂದ ಬರಬೇಕು. ಜಾಹೀರಾತು ಕೊಡೋರು ಯಾರು? ಸರ್ಕಾರ, ಕಾರು ಕಂಪನಿ, ಚಿನ್ನದ ಅಂಗಡಿ, ಸೈಟು ಮಾರೋರು. ನಮ್ಮ ಹೊಲ ಸೈಟಾಗಬೇಕು ಅನ್ನೋರು ಒಂದಿಡೀ ಪುಟ ಕೊಂಡಾಗ ಪಕ್ಕದ ಪುಟದಲ್ಲಿ ಭೂಸ್ವಾಧೀನದ ವಿರುದ್ಧ ಲೇಖನ ಬರೋದು ಸುಲಭ ಅಲ್ಲ. 2009ರ ಚುನಾವಣೆಗಳಲ್ಲಿ ಅಭ್ಯರ್ಥಿಗಳಿಂದ ಕಾಸು ಪಡೆದು ಅದನ್ನ ಸುದ್ದಿ ಅಂತಲೇ ಅಚ್ಚು ಹಾಕಿದ ದೂರುಗಳ ಮೇಲೆ ಪ್ರೆಸ್ ಕೌನ್ಸಿಲ್ 2010ರಲ್ಲಿ ವರದಿ ಮಾಡಬೇಕಾಯಿತು. ಜಾಹೀರಾತು ಬೇಡ ಅಂದವರೂ ನಮ್ಮಲ್ಲಿದ್ದರು. ಪಿ. ಲಂಕೇಶರು 1980ರಲ್ಲಿ ಶುರು ಮಾಡಿದ ವಾರಪತ್ರಿಕೆ ಜಾಹೀರಾತಿಲ್ಲದೆ, ಓದುಗರ ಕಾಸಿನ ಮೇಲೇ ನಡೆಯಿತು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ 'ಮುಂಗಾರು' ದಿನಪತ್ರಿಕೆಯನ್ನ ಓದುಗರಿಂದ ಷೇರು ಕೂಡಿಸಿ ತಂದರು. ಅದು ಬಹಳ ಕಾಲ ಬಾಳಲಿಲ್ಲ. ವಾರಕ್ಕೊಂದು ಸಲ ಬರೋದನ್ನ ನಮ್ಮ ಕಾಸಿನಲ್ಲಿ ಸಾಕಬಹುದು, ದಿನಾ ಬರೋದನ್ನ ಸಾಕೋದು ಆನೆ ಸಾಕಿದ ಹಾಗೆ.

ಹಾಗಾದರೆ ಏನು ಓದಬೇಕು? ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು. ಅಧಿಕಾರದಲ್ಲಿ ಯಾರಿದ್ದಾರೋ ಅವರನ್ನ ಕಂಡರೆ ಆಗದ ಪತ್ರಿಕೆಯನ್ನ ತರಿಸಿ. ನಿಮ್ಮ ಓಟು ಆ ಸರ್ಕಾರಕ್ಕೇ ಬಿದ್ದಿದ್ದರಂತೂ ಖಂಡಿತ ತರಿಸಿ. ಸರ್ಕಾರ ಬದಲಾದರೆ ಪತ್ರಿಕೆಯನ್ನೂ ಬದಲಾಯಿಸಿ. ಯಾಕೆ ಅಂತೀರಾ? ನಮ್ಮ ಮೇಲಿನ ಪ್ರೀತಿಯಿಂದ ಯಾರೂ ನಮ್ಮ ಸುದ್ದಿ ಹಾಕಲ್ಲ. ಸರ್ಕಾರದ ಮೇಲಿನ ಸಿಟ್ಟಿನಿಂದ ಹಾಕ್ತಾರೆ. ಆ ಸಿಟ್ಟು ನಮಗೆ ಉಪಯೋಗಕ್ಕೆ ಬರ್ತದೆ.

ಇದಕ್ಕೆ ದೊಡ್ಡ ಉದಾಹರಣೆ ಆಂಧ್ರದ್ದು. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿಯ ವಿರುದ್ಧ ಎದ್ದರು. ಆಗ ಅಲ್ಲಿದ್ದದ್ದು ಕಾಂಗ್ರೆಸ್ ಸರ್ಕಾರ. ರಾಮೋಜಿ ರಾವ್ ಅವರ 'ಈನಾಡು' ಪತ್ರಿಕೆ ತೆಲುಗುದೇಶಂ ಕಡೆ ವಾಲಿದ್ದು ಅಂತ ಊರಿಗೆಲ್ಲಾ ಗೊತ್ತಿತ್ತು. ಆ ಪತ್ರಿಕೆ ಈ ಹೆಂಗಸರ ಹೋರಾಟಕ್ಕೇ ಅಂತ ಪ್ರತ್ಯೇಕ ಪುಟ ಕೊಟ್ಟಿತು. ಒಂದೂರಿನ ಸುದ್ದಿ ಓದಿ ಇನ್ನೊಂದೂರಲ್ಲಿ ಎದ್ದರು. 1993ರಲ್ಲಿ ಅದೇ ಕಾಂಗ್ರೆಸ್ ಸರ್ಕಾರ ಸಾರಾಯಿ ನಿಲ್ಲಿಸಬೇಕಾಯಿತು, 1995ರಲ್ಲಿ ಎನ್.ಟಿ. ರಾಮರಾವ್ ಬಂದು ಪೂರ್ತಿ ಪಾನನಿಷೇಧ ಮಾಡಿದರು. ಪತ್ರಿಕೆಗೆ ಅದರದ್ದೇ ಲೆಕ್ಕ ಇತ್ತು, ಇಲ್ಲ ಅನ್ನಲ್ಲ. ಆ ಲೆಕ್ಕ ಹೆಂಗಸರ ಕೆಲಸಕ್ಕೆ ಬಂತು.

ನಮಗೆ ಒಂದು ತೊಡಕಿದೆ. ಬೆಂಗಳೂರಲ್ಲೊಂದು ಸರ್ಕಾರ, ದಿಲ್ಲಿಯಲ್ಲೊಂದು ಸರ್ಕಾರ. ಎರಡೂ ಬೇರೆ ಬೇರೆ ಪಕ್ಷದ್ದಾದಾಗ ಏನಾಗ್ತದೆ ಅಂತ 2025ರ ಜುಲೈನಲ್ಲಿ ಯೂರಿಯಾಕ್ಕೆ ಸಾಲು ನಿಂತಾಗ ನೋಡಿದಿರಿ. ಕೇಂದ್ರ ನಮ್ಮ ಪಾಲು ಪೂರ್ತಿ ಕಳಿಸಿಲ್ಲ ಅಂತ ರಾಜ್ಯದವರು, ಕಳಿಸಿದ್ದನ್ನ ಹಂಚೋಕೆ ರಾಜ್ಯಕ್ಕೆ ಬರಲಿಲ್ಲ, ಕಾಳಸಂತೆಗೆ ಹೋಯಿತು ಅಂತ ಕೇಂದ್ರದ ಪಕ್ಷದವರು. ಒಂದೇ ಪೇಪರು ಓದಿದವನಿಗೆ ಒಬ್ಬ ಕಳ್ಳ ಸಿಕ್ಕ. ಎರಡು ಓದಿದವನಿಗೆ ಕೇಳಬೇಕಾದ ಪ್ರಶ್ನೆ ಸಿಕ್ಕಿತು: ನಮ್ಮ ಜಿಲ್ಲೆಗೆ ಎಷ್ಟು ಟನ್ ಬಂತು, ಯಾವ ತಾರೀಕಿಗೆ ಬಂತು, ಯಾವ ಸೊಸೈಟಿಗೆ ಹೋಯಿತು? ಈ ಪ್ರಶ್ನೆ ಹಿಡ್ಕೊಂಡು ಕೃಷಿ ಇಲಾಖೆಯ ಬಾಗಿಲಿಗೆ ಹೋದರೆ ಅಧಿಕಾರಿ ಕುರ್ಚಿಯಲ್ಲಿ ನೆಟ್ಟಗೆ ಕೂತ್ಕೋತಾನೆ. ಆದ್ದರಿಂದ ಎರಡು ಪತ್ರಿಕೆ ಬೇಕೇ ಬೇಕು, ಒಂದು ಬೆಂಗಳೂರಿನವರ ಮೇಲೆ ಮುನಿದಿರೋದು, ಇನ್ನೊಂದು ದಿಲ್ಲಿಯವರ ಮೇಲೆ ಮುನಿದಿರೋದು.

ಎರಡೂ ಸಾಲದೇ ಹೋದಾಗ ನಮ್ಮದೇ ಅಚ್ಚು ಹಾಕಬೇಕು. ದಿಲ್ಲಿಯ ಗಡಿಯಲ್ಲಿ ಪಂಜಾಬ್, ಹರಿಯಾಣದ ರೈತರು ಕೂತಿದ್ದಾಗ, ಟಿವಿಯವರು ಮತ್ತು ಪೇಪರಿನವರು ತಮ್ಮನ್ನ ದೇಶದ್ರೋಹಿಗಳ ಹಾಗೆ ಚಿತ್ರಿಸ್ತಿದ್ದಾರೆ ಅಂತ ಅನ್ನಿಸಿ, 2020ರ ಡಿಸೆಂಬರ್‌ನಲ್ಲಿ 'ಟ್ರಾಲಿ ಟೈಮ್ಸ್' ಅಂತ ಗುರುಮುಖಿಯಲ್ಲೂ ಹಿಂದಿಯಲ್ಲೂ ಪತ್ರಿಕೆ ತಂದರು. ಟ್ರ್ಯಾಕ್ಟರಿನ ಟ್ರಾಲಿಯೇ ಅವರ ಮನೆ, ಅದೇ ಪತ್ರಿಕೆಯ ಹೆಸರು. 2021ರ ನವೆಂಬರ್‌ನಲ್ಲಿ ಆ ಮೂರು ಕಾಯಿದೆಗಳು ವಾಪಸಾದವು. ನೀವು ಕೈಯಲ್ಲಿ ಹಿಡಿದಿರೋ ಈ ಮಾಸಿಕವೂ ವಾಲಿರೋದೇ. ಬೆಳೆಯೋನ ಕಡೆ ವಾಲಿದೆ, ಅದನ್ನ ಮುಚ್ಚಿಟ್ಟಿಲ್ಲ. ಆದರೆ ಇದನ್ನೊಂದೇ ಓದಿ ಬೇರೇನೂ ಬೇಡ ಅನ್ನೋರನ್ನ ಕಂಡರೆ ನನಗೆ ಹೆದರಿಕೆ. ತಿಂಗಳಿಗೊಂದು ಸಲ ಬರೋ ಪತ್ರಿಕೆಯಿಂದ ನಾಳೆಯ ರೇಟು ಗೊತ್ತಾಗಲ್ಲ, ಎದುರಿನವನು ಏನು ವಾದ ಮಾಡ್ತಾನೆ ಅನ್ನೋದೂ ಗೊತ್ತಾಗಲ್ಲ.

ಪಂಚಾಯ್ತಿ ಲೈಬ್ರರಿಗೆ ಪೇಪರು ಬರ್ತವೆ. ಯಾವುದು ತರಿಸಬೇಕು ಅಂತ ಸದಸ್ಯರು ಕೇಳಬಹುದು, ಗ್ರಾಮಸಭೆಯಲ್ಲಿ ಕೇಳಬಹುದು. ಅಲ್ಲಿ ಕೂತು ಒಂದು ತಿಂಗಳು, ಬರೀ ಒಂದು ತಿಂಗಳು, ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಬೆಲೆಯ ಸುದ್ದಿ ಯಾವ ಪುಟದಲ್ಲಿ ಬಂತು, ಅದರಲ್ಲಿ ಮಾತಾಡಿದವರು ಯಾರು, ಬೆಳೆದವನು ಒಬ್ಬನಾದರೂ ಇದ್ದಾನಾ. ಲೆಕ್ಕ ಕೈಯಲ್ಲಿದ್ದರೆ ಸಂಪಾದಕರಿಗೆ ಕಾಗದ ಬರೆಯಿರಿ. ಬೈದು ಬರೆಯಬೇಡಿ, ಲೆಕ್ಕ ಬರೆಯಿರಿ. ಬೈದದ್ದು ಬುಟ್ಟಿಗೆ ಹೋಗ್ತದೆ, ಲೆಕ್ಕ ಕೆಲವು ಸಲ ಅಚ್ಚಾಗ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. "ಇಷ್ಟೆಲ್ಲಾ ಹೇಳಿದಿರಿ, ನಮಗೆ ಒಂದು ಪೇಪರು ತರಿಸೋ ಶಕ್ತಿ ಮಾತ್ರ ಇದೆ, ಹೆಸರು ಹೇಳಿಬಿಡಿ" ಅಂತ. ಹೆಸರು ಹೇಳಲ್ಲ ಅಣ್ಣಾ. ಇವತ್ತು ಹೇಳಿದ ಪೇಪರು ನಾಳೆ ಕೈ ಬದಲಾಯಿಸ್ತದೆ. ಒಂದೇ ತರಿಸೋದಾದರೆ ಹೀಗೆ ಮಾಡಿ. ಪಕ್ಕದ ಮನೆಯವರು ಯಾವುದು ತರಿಸ್ತಾರೋ ಅದನ್ನ ಬಿಟ್ಟು ಅದಕ್ಕೆ ತದ್ವಿರುದ್ಧವಾದದ್ದನ್ನ ತರಿಸಿ, ಸಾಯಂಕಾಲ ಹಾಲು ಹಾಕೋಕೆ ಡೇರಿಗೆ ಹೋದಾಗ ಅದಲುಬದಲು ಮಾಡ್ಕೊಳ್ಳಿ. ಪಕ್ಕದ ಮನೆಯವರ ಜೊತೆ ಬದುವಿನ ಜಗಳ ಇದ್ದರೆ ಅವರ ಪಕ್ಕದ ಮನೆಯವರನ್ನ ಕೇಳಿ.